ಬೂದಿಗುಂಟದ ಆಮೆ ಉಪವಾಸವಿದ್ದ ಒಂಬತ್ತು ವರ್ಷ

ಪದರಯಂತ್ರ ಎರಡು ಸಲ ಕೆಮ್ಮಿ ಕೆಲಸ ಶುರುಮಾಡಿತು. ಕೆಮ್ಮಬೇಕೆಂದು ಅದನ್ನು ಯಾರೂ ರೂಪಿಸಿರಲಿಲ್ಲ. ಬೂದಿಗುಂಟಕ್ಕೆ ಬಂದು ಮೂರು ದಿನವಾಗಿತ್ತು, ಊರಿನ ಧೂಳು ಅದರ ಎದೆಗೂ ಇಳಿದಿತ್ತು, ಅಷ್ಟೆ. ಆಮೇಲೆ ಅದರ ಉದ್ದನೆಯ ತೋಳು ಬೇವಿನ ಮರದ ಕೆಳಗಿದ್ದ ದುಂಡುಗಲ್ಲಿನ ಮೇಲೆ ಒಂದು ಗೇಣು ಎತ್ತರದಲ್ಲಿ ಅತ್ತಿಂದಿತ್ತ ಸರಿಯತೊಡಗಿತು. ಪಕ್ಕದ ಪರದೆಯ ಮೇಲೆ ಒಂದೊಂದೇ ಗೆರೆ ಮೂಡಿತು.

ಡಾ. ವಾಗೀಶ ಕೊಟಗಿ ಉಸಿರು ಬಿಗಿಹಿಡಿದು ಗೆರೆಗಳನ್ನು ಎಣಿಸುತ್ತಿದ್ದರು. ಅದು 2071ರ ಜನವರಿ. ಈ ಯಂತ್ರಕ್ಕಾಗಿ ಅವರು ಹನ್ನೊಂದು ವರ್ಷ ಮತ್ತು ತಲೆಯ ಮೇಲಿದ್ದ ಬಹುಪಾಲು ಕೂದಲನ್ನು ಕಳೆದುಕೊಂಡಿದ್ದರು. ಈ ಸಲವೂ ಹೇಳಿಕೊಳ್ಳುವಂಥ ಫಲ ಬರದಿದ್ದರೆ ಯಂತ್ರ ಗೋದಾಮಿಗೆ, ತಾವು ಪಾಠ ಹೇಳಲಿಕ್ಕೆ ಎಂದು ಸಂಸ್ಥೆಯ ನಿರ್ದೇಶಕರು ಬೀಳ್ಕೊಡುವಾಗ ನಗುನಗುತ್ತಲೇ ಹೇಳಿದ್ದರು. ವಾಗೀಶರಿಗೆ ಪಾಠ ಹೇಳುವುದೆಂದರೆ ಹಲ್ಲು ಕೀಳಿಸಿಕೊಂಡಷ್ಟೇ ಪ್ರೀತಿ.

ಯಂತ್ರದ ಕೆಲಸ ಕೇಳಲಿಕ್ಕೆ ಸರಳವಾಗಿತ್ತು. ಆಮೆಯ ಚಿಪ್ಪು ಎಂದರೆ ಮೂಳೆ. ಮರದ ಕಾಂಡದಲ್ಲಿ ವರ್ಷಕ್ಕೊಂದು ಬಳೆ ಮೂಡುವ ಹಾಗೆ ಅದರಲ್ಲೂ ವರ್ಷಕ್ಕೊಂದು ಪದರ ಕೂಡುತ್ತದೆ. ಚೆನ್ನಾಗಿ ತಿಂದ ವರ್ಷದ ಪದರ ದಪ್ಪ, ಹಸಿದ ವರ್ಷದ್ದು ತೆಳು. ಹೆಣ್ಣಾಮೆ ಮೊಟ್ಟೆಯಿಡುವ ವರ್ಷ ಓಡಿಗೆ ಬೇಕಾದ ಸುಣ್ಣವನ್ನು ತನ್ನ ಮೂಳೆಯಿಂದಲೇ ತೆಗೆದುಕೊಡುವುದರಿಂದ ಆ ಪದರವೂ ತೆಳ್ಳಗಾಗುತ್ತದೆ. ಬದುಕಿದ್ದು ಉಪ್ಪುನೀರಿನಲ್ಲೋ ಸಿಹಿನೀರಿನಲ್ಲೋ ಎಂಬುದನ್ನು ಪದರದೊಳಗಿನ ಸ್ಟ್ರಾಂಷಿಯಂ ಎಂಬ ಲೋಹ ಹೇಳುತ್ತದೆ. ಮೊದಲೆಲ್ಲ ಇದನ್ನು ತಿಳಿಯಲು ಪಳೆಯುಳಿಕೆಯನ್ನು ಕೊಯ್ದು ಹಾಳುಮಾಡಬೇಕಿತ್ತು. ವಾಗೀಶರ ಯಂತ್ರ ಕ್ಷಕಿರಣಕ್ಕಿಂತ ಚೂಪಾದ ಕಿರಣ ಬಿಟ್ಟು ಕಲ್ಲಿನ ಹೊರಗಿನಿಂದಲೇ ಓದುತ್ತಿತ್ತು.

ಬೂದಿಗುಂಟ ಯಾದಗಿರಿ ಸೀಮೆಯ ತೊಗರಿ ಬೆಳೆಯುವ ಊರು. ಅಲ್ಲಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರ ಸಿಗಲು ಒಂದಿಡೀ ದಿನ ಬೇಕು. ಆರೂವರೆ ಕೋಟಿ ವರ್ಷದ ಹಿಂದೆ ಮಾತ್ರ ಕಡಲಿನ ಒಂದು ತೋಳು ಇಲ್ಲಿಯವರೆಗೆ ಚಾಚಿತ್ತು, ಈ ಕಲ್ಲು ಆ ದಂಡೆಯ ಮೇಲೆ ಸತ್ತ ಆಮೆ ಎಂಬುದು ವಾಗೀಶರ ವಾದ. ಯಂತ್ರ ಬರುವ ಮೊದಲೇ ಕಲ್ಲನ್ನು ಮೂರು ವಾರ ಅಳೆದು, ತೂಗಿ, ಇದು ಆಮೆಯೇ ಎಂದು ಅವರು ಊರಿನ ಮುಂದೆ ಘೋಷಿಸಿದಾಗ ಪಂಚಾಯಿತಿಯ ಮಾಜಿ ಅಧ್ಯಕ್ಷ ಮರೆಪ್ಪ ಮೀಸೆ ತೀಡುತ್ತಾ, “ನಾವು ನಮ್ಮ ಮುತ್ಯಾನ ಕಾಲದಿಂದ ಆಮಿಕಲ್ಲ ಅಂತೇ ಅಂತೀವಲ್ರಿ ಸಾಹೇಬ್ರ. ಮೂರ ವಾರ ಯಾಕ ಬೇಕಾತು?” ಎಂದಿದ್ದ.

ಗೆರೆಗಳು ಅರವತ್ತೊಂದಕ್ಕೆ ನಿಲ್ಲುವಂತೆ ಕಂಡು, ಒಮ್ಮೆ ತಡವರಿಸಿ, ಮತ್ತೆ ಮೂಡತೊಡಗಿದವು. ನೂರು ದಾಟಿತು. ನೂರ ಹತ್ತೊಂಬತ್ತಕ್ಕೆ ಯಂತ್ರ ‘ಓದು ಮುಗಿದಿದೆ’ ಎಂದು ಹೇಳಿ ಸುಮ್ಮನಾಯಿತು. ವಾಗೀಶರು ಪಂಚೆಯಲ್ಲಿದ್ದಿದ್ದರೆ ಕುಣಿದೇಬಿಡುತ್ತಿದ್ದರು, ಪ್ಯಾಂಟು ಬಿಗಿಯಾಗಿತ್ತು.

“ಸರ್, ಅರವತ್ತೊಂದರ ಹತ್ರ ನನಗೆ ಅನುಮಾನ,” ಎಂದಳು ಅವರ ಸಹಾಯಕಿ ನಸೀಮಾ. ಯಂತ್ರದ ನಟ್ಟುಬೋಲ್ಟು ಅವಳ ಕೈಯಲ್ಲಿತ್ತು, ಹೊಗಳಿಕೆ ಮಾತ್ರ ಎಂದೂ ಅವಳ ಬಾಯಲ್ಲಿರಲಿಲ್ಲ. “ಅಲ್ಲೀತನಕ ಉಪ್ಪುನೀರು. ಅಲ್ಲಿಂದ ಮುಂದೆ ಒಮ್ಮಿಂದೊಮ್ಮೆಲೇ ಸಿಹಿನೀರು, ಫ್ಲೋರೈಡ್, ಎಂಥದೋ ಕೆಂಪು ಬಣ್ಣ. ಬೇರೆ ಪ್ರಾಣೀನೇ ಓದಿದ ಹಾಗದೆ.”

“ಅರವತ್ತು ದಾಟಿದ ಮೇಲೆ ಎಲ್ಲರೂ ಬೇರೆ ಪ್ರಾಣಿನೇ ನಸೀಮಾ,” ಎಂದರು ವಾಗೀಶ. “ಮುಪ್ಪಿನಲ್ಲಿ ಹೊಳೆಬಾಯಿಗೆ ಬಂದು ನೆಲಸಿದೆ. ಫ್ಲೋರೈಡ್ ಬಂದದ್ದು ಜ್ವಾಲಾಮುಖಿಯ ಬೂದಿಯಿಂದ. ಕೆಂಪು ಯಾವುದೋ ಕಡಲಹುಲ್ಲಿನದು.”

ಮನುಷ್ಯನಿಗೆ ಬೇಕಾದ್ದು ಕಣ್ಣಿಗೆ ಬಿದ್ದಾಗ ವಿವರಣೆಗೆ ಬರವೇ ಇರುವುದಿಲ್ಲ. ವಾಗೀಶರಿಗೆ ಬೇಕಾದ್ದು ಬಿದ್ದಿತ್ತು. ಎಪ್ಪತ್ತೊಂದನೆಯ ಗೆರೆಯಿಂದ ಎಪ್ಪತ್ತೊಂಬತ್ತರವರೆಗೆ, ಒಂಬತ್ತು ಗೆರೆಗಳು ಕೂದಲಿನಷ್ಟು ತೆಳ್ಳಗಿದ್ದವು. ಆಮೆಗಳು ಎರಡು ಮೂರು ವರ್ಷಕ್ಕೊಮ್ಮೆ ಮೊಟ್ಟೆಯಿಟ್ಟು ಸುಧಾರಿಸಿಕೊಳ್ಳುತ್ತವೆ. ಒಂಬತ್ತು ವರ್ಷ ಒಂದೇ ಸಮನೆ ಬರಿದಾದ ಆಮೆಯನ್ನು ಜಗತ್ತಿನಲ್ಲಿ ಯಾರೂ ಕಂಡಿರಲಿಲ್ಲ. ತಮ್ಮ ಪ್ರಬಂಧದಲ್ಲಿ ವಾಗೀಶರು ವಿಜ್ಞಾನಿಗಳು ಸಾಮಾನ್ಯವಾಗಿ ಬರೆಯದ ಒಂದು ವಾಕ್ಯವನ್ನೂ ಬರೆದರು: ‘ಈ ತಾಯಿ ಒಂಬತ್ತು ವರ್ಷ ತನ್ನ ಪಾಲನ್ನೆಲ್ಲ ಮುಂದಿನವರಿಗೆ ಕೊಟ್ಟು ತಾನು ಅರೆಹೊಟ್ಟೆಯಲ್ಲಿ ಬದುಕಿದಳು.’

ಪ್ರಬಂಧ ಅಚ್ಚಾದದ್ದೇ ತಡ, ಆಮೆ ಮನೆಮಾತಾಯಿತು. ಬೆಂಗಳೂರಿನಲ್ಲಿ ಯಾರೋ ‘ಆಮೆ ಉಪವಾಸ’ ಎಂಬ ತೂಕ ಇಳಿಸುವ ಶಿಬಿರ ತೆರೆದರು. ಬೂದಿಗುಂಟದ ಪಂಚಾಯಿತಿ ಊರನ್ನು ಕರಾವಳಿ ಗ್ರಾಮಗಳ ಪಟ್ಟಿಗೆ ಸೇರಿಸಬೇಕೆಂದು ಠರಾವು ಮಾಡಿತು. ಯುವಕ ಸಂಘದವರು ತೊಗರಿ ಹೊಲದ ಬದುವಿನಲ್ಲಿ ‘ಎಚ್ಚರಿಕೆ! ಅಲೆ ಜೋರಿದೆ, ನೀರಿಗಿಳಿಯಬಾರದು’ ಎಂಬ ಬೋರ್ಡು ನೆಟ್ಟರು. ಹೊಲದಲ್ಲಿ ಹನಿ ನೀರಿರಲಿಲ್ಲ, ಆದರೂ ದಾರಿಹೋಕರು ಓದಿ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು.

ವಾಗೀಶ ಮತ್ತು ನಸೀಮಾ ಆರು ತಿಂಗಳು ಆ ಊರಲ್ಲೇ ಉಳಿದರು. ಊಟ ಮರೆಪ್ಪನ ಮನೆಯಲ್ಲಿ. ಮರೆಪ್ಪನ ಹೆಂಡತಿ ಸಾಬವ್ವ ಎಪ್ಪತ್ತರ ಹೆಂಗಸು, ಬಾಯಲ್ಲಿ ಸದಾ ಎಲೆಅಡಿಕೆ. ಅವಳು ತಟ್ಟಿದ ರೊಟ್ಟಿಯನ್ನು ವಾಗೀಶರು ಮೊದಲ ದಿನ ಎರಡು ತಿಂದರು, ಆರನೆಯ ತಿಂಗಳಿಗೆ ಐದಕ್ಕೆ ಏರಿದ್ದರು.

ಆಷಾಢದಲ್ಲಿ ಪರಿಶೀಲನಾ ಸಮಿತಿ ಬಂತು. ಅದರ ಮುಖ್ಯಸ್ಥೆ ಪ್ರೊಫೆಸರ್ ಪಾಲೇಕಂಡ ದೇಚಮ್ಮ, ಮೈಸೂರಿನವರು, ಎಂಥೆಂಥ ಡೈನೋಸಾರುಗಳನ್ನೋ ಬರೀ ಒಂದು ಪ್ರಶ್ನೆಯಿಂದ ಹಲ್ಲಿಯ ಮಟ್ಟಕ್ಕೆ ಇಳಿಸಿದ್ದ ಹೆಸರು ಅವರದು. ಅವರೆದುರಿಗೆ ಯಂತ್ರ ಅದೇ ಕಲ್ಲನ್ನು ಮತ್ತೊಮ್ಮೆ ಅದೇ ರೀತಿ ಓದಬೇಕು. ಓದಿದರೆ ದೇಶದ ವಸ್ತುಸಂಗ್ರಹಾಲಯಗಳಿಗೆಲ್ಲ ಪದರಯಂತ್ರ, ಓದದಿದ್ದರೆ ಗೋದಾಮು.

ಬೇವಿನ ಮರದ ಕೆಳಗೆ ಶಾಮಿಯಾನ ಹಾಕಿದ್ದರು. ಮೈಕು ಸಿಕ್ಕಿದ್ದರಿಂದ ಮರೆಪ್ಪ ಮಾತನಾಡಲೇಬೇಕಾಯಿತು.

“ನಮ್ಮೂರ ಆಮಿ ಒಂಬತ್ತ ವರ್ಷ ಉಪಾಸ ಇತ್ತಂತ ಸಾಹೇಬ್ರು ಬರದಾರ. ಅದರ ಹಣಿಬರ! ಆದ್ರ ನಮ್ಮ ಮನಿ ಹನ್ನೊಂದ ಮಂದಿ ಮನಿ ಇತ್ರಿ. ನಮ್ಮಪ್ಪ, ನಮ್ಮವ್ವ, ಆರ ಮಂದಿ ತಮ್ಮದೇರು, ಒಬ್ಬಾಕಿ ತಂಗಿ, ನಾವಿಬ್ರು. ಆ ಮನ್ಯಾಗ ಒಂದಿನಾ ಒಬ್ರೂ ಉಪಾಸ ಮಲಗಿಲ್ಲ. ಎದಿ ತಟ್ಟಿ ಹೇಳ್ತೀನಿ!” ಎಂದು ನಿಜವಾಗಿಯೂ ಎದೆ ತಟ್ಟಿದ. ಮೈಕಿನಲ್ಲಿ ಗುಡುಗಿನಂತೆ ಕೇಳಿಸಿತು. ಜನ ಚಪ್ಪಾಳೆ ಹೊಡೆದರು.

ಯಂತ್ರ ಕೆಮ್ಮಿತು. ಗೆರೆಗಳು ಮೂಡಿದವು. ಅರವತ್ತೊಂದಕ್ಕೆ ಬಂದು ನಿಂತವು. ‘ಓದು ಮುಗಿದಿದೆ.’

ವಾಗೀಶರು ನಕ್ಕು, ಧೂಳು ಎಂದು ಹೇಳಿ, ಕೊಳವೆ ಒರೆಸಿ ಮತ್ತೊಮ್ಮೆ ಚಾಲೂ ಮಾಡಿದರು. ಅರವತ್ತೊಂದು. ಮೂರನೆಯ ಸಲವೂ ಅರವತ್ತೊಂದು. ಹಸಿವಿನ ಗೆರೆಗಳ ಸುಳಿವೇ ಇರಲಿಲ್ಲ.

“ಆರು ತಿಂಗಳಲ್ಲಿ ನಿಮ್ಮ ಆಮೆ ಐವತ್ತೆಂಟು ವರ್ಷ ಚಿಕ್ಕದಾಗಿದೆಯಲ್ಲ ಡಾಕ್ಟ್ರೇ,” ಎಂದರು ದೇಚಮ್ಮ. “ಆ ಉಪವಾಸ ನನಗೂ ಸ್ವಲ್ಪ ಹೇಳಿಕೊಡಿ.” ಅಷ್ಟು ಹೇಳಿ ಸಮಿತಿಯವರೊಂದಿಗೆ ಚಹಾ ಕುಡಿಯಲು ಶಾಮಿಯಾನದ ಆಚೆ ತುದಿಗೆ ಹೋದರು.

ನಸೀಮಾ ಮೊಣಕಾಲೂರಿ ಕಲ್ಲನ್ನು ಸುತ್ತಲೂ ತಡವಿದಳು. ಆಮೆಯ ತಲೆ ಇರಬೇಕಾಗಿದ್ದ ಜಾಗದಲ್ಲಿ ಒಂದು ಪೊಟರೆಯಿತ್ತು. ಅದರೊಳಗೆ ಯಾರೋ ಈಚೆಗೆ ಕೆರೆದ ಗುರುತು, ಅಂಚಿಗೆ ಬಿಳಿ ಸುಣ್ಣ.

“ಇಲ್ಲಿ ಏನಿತ್ತು?” ಎಂದು ಕೇಳಿದಳು.

ಹತ್ತಿರ ನಿಂತಿದ್ದವರು ಮರದಲ್ಲಿದ್ದ ಕಾಗೆಗಳನ್ನು ನೋಡತೊಡಗಿದರು. ಕೊನೆಗೆ ಸಾಬವ್ವ ಮುಂದೆ ಬಂದಳು. “ನಂದೊಂದ ಹಲ್ಲಿತ್ತವ್ವಾ.”

ಸಂಗತಿ ಹೀಗೆ. ಬೂದಿಗುಂಟದಲ್ಲಿ ಬಿದ್ದ ಹಲ್ಲನ್ನು ಸೆಗಣಿಯಲ್ಲಿ ಸುತ್ತಿ ಮಾಳಿಗೆಯ ಮೇಲೆ ಎಸೆಯುವ ರೂಢಿಯಿತ್ತು. ಊರಿನ ಮಾಳಿಗೆಗಳೆಲ್ಲ ಸೌರಫಲಕಗಳಾದ ಮೇಲೆ, ಫಲಕಗಳ ಮೇಲೆ ಸೆಗಣಿ ಎಸೆಯಬಾರದೆಂದು ವಿದ್ಯುತ್ತಿನವರು ನೋಟೀಸು ಅಂಟಿಸಿದರು. ಹಿರಿಯರು ಕೂಡಿ ಯೋಚಿಸಿ, ಇನ್ನು ಮುಂದೆ ಹಲ್ಲನ್ನು ಆಮೆಕಲ್ಲಿಗೆ ಒಪ್ಪಿಸಬೇಕೆಂದು ತೀರ್ಮಾನಿಸಿದರು. ಆಮೆಗೆ ಹಲ್ಲಿಲ್ಲ, ಕೊಟ್ಟರೆ ಬೇಡ ಅನ್ನುವುದಿಲ್ಲ ಎಂಬುದು ಅವರ ತರ್ಕ. ಮಕ್ಕಳು ಇಟ್ಟ ಹಾಲುಹಲ್ಲುಗಳು ಮಳೆಗೆ ಕೊಚ್ಚಿಹೋಗುತ್ತಿದ್ದವು. ಸಾಬವ್ವ ಅಚ್ಚುಕಟ್ಟಿನ ಹೆಂಗಸು. ಹಿಂದಿನ ವರ್ಷದ ಕೊನೆಗೆ ತನ್ನ ದವಡೆಹಲ್ಲು ಬಿದ್ದಾಗ ಎಲೆಪೆಟ್ಟಿಗೆಯ ಸುಣ್ಣ ಹಚ್ಚಿ ಪೊಟರೆಯ ಒಳಗೆ ಗಟ್ಟಿಯಾಗಿ ಕೂರಿಸಿದ್ದಳು. ಚಿಪ್ಪಿನೊಳಗಿರುವುದೆಲ್ಲ ಒಂದೇ ಪ್ರಾಣಿಯದು ಎಂದು ನಂಬಿದ್ದ ಪಾಪದ ಯಂತ್ರ ಆಮೆಯನ್ನು ಮುಗಿಸಿ ಅದೇ ಉಸಿರಿನಲ್ಲಿ ಸಾಬವ್ವನನ್ನೂ ಓದಿತ್ತು.

“ಮತ್ತೆ ಈಗ್ಯಾಕೆ ತೆಗೆದಿರಿ ಅಮ್ಮಾ?” ಎಂದರು ವಾಗೀಶ, ಅಳುವ ದನಿಯಲ್ಲಿ.

“ಕಲ್ಲ ಬೆಂಗಳೂರಿಗಿ ಒಯ್ತಾರಂತ ಅಂದ್ರು. ನನ್ನ ಹಲ್ಲ ಯಾಕ ಬೆಂಗಳೂರಿಗಿ ಹೋಗಬೇಕ್ರಿ ಯಪ್ಪಾ? ನಾನೇ ಹೋಗಿಲ್ಲ.” ಸೆರಗಿನ ಗಂಟು ಬಿಚ್ಚಿ ಹಲ್ಲನ್ನು ಅವರ ಅಂಗೈಗೆ ಹಾಕಿದಳು.

ವಾಗೀಶರು ಮುಷ್ಟಿ ಮುಚ್ಚಿದರು. ಸಮಿತಿಯವರು ಇನ್ನೂ ಚಹಾ ಕುಡಿಯುತ್ತಿದ್ದರು. ಪೊಟರೆ ಎರಡೇ ಹೆಜ್ಜೆ ದೂರದಲ್ಲಿತ್ತು. ಕಿಂಚಿತ್ತು ಸುಣ್ಣ, ಒಂದು ಬೆರಳಿನ ಒತ್ತು, ಆಮೇಲೆ ನೂರ ಹತ್ತೊಂಬತ್ತು ಗೆರೆ. ಹನ್ನೊಂದು ವರ್ಷದ ದುಡಿಮೆ ಉಳಿಯುತ್ತಿತ್ತು, ಜಗತ್ತಿನಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಆಸೆಯಾಗಲಿಲ್ಲ ಎಂದರೆ ಸುಳ್ಳಾದೀತು, ಬಹಳ ಆಸೆಯಾಯಿತು.

“ಸರ್,” ಎಂದಳು ನಸೀಮಾ ಮೆಲ್ಲಗೆ. “ಕೈ ಬೆವತರೆ ಹಲ್ಲು ಹಾಳಾಗ್ತದೆ.”

ಅವರು ಶಾಮಿಯಾನದ ಆಚೆ ತುದಿಗೆ ನಡೆದು, ದೇಚಮ್ಮನವರ ಚಹಾದ ಬಸಿಯ ಪಕ್ಕದಲ್ಲಿ ಹಲ್ಲನ್ನಿಟ್ಟರು. “ಆಮೆಗೆ ಅರವತ್ತೊಂದೇ ವರ್ಷ ಮೇಡಂ. ಉಳಿದ ಐವತ್ತೆಂಟು ಸಾಬವ್ವನವರ ದವಡೆಹಲ್ಲಿನವು. ಜ್ವಾಲಾಮುಖಿ ಎಂದದ್ದು ಈ ಊರಿನ ಬೋರ್‌ವೆಲ್ ನೀರು. ಕಡಲಹುಲ್ಲು ಎಂದದ್ದು ಎಲೆಅಡಿಕೆ. ತಪ್ಪೆಲ್ಲ ನನ್ನದು.”

ದೇಚಮ್ಮ ಹಲ್ಲನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ನಗಲು ಶುರುಮಾಡಿದರು. ಊರೇ ನಕ್ಕಿತು. ಮರೆಪ್ಪ ಎಲ್ಲರಿಗಿಂತ ಜೋರಾಗಿ ನಕ್ಕು, “ನನ್ನ ಹೆಂಡ್ತಿ ಆರೂವರಿ ಕೋಟಿ ವರ್ಷದಾಕಿ ಅಂತ ನಾ ಮದಲೇ ಹೇಳತಿದ್ದೆ!” ಎಂದು ಕೂಗಿದ. ಸಾಬವ್ವನೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ವಾಗೀಶರಿಗೆ ಮಾತ್ರ ಗೋದಾಮಿನ ಬಾಗಿಲು ಕಣ್ಣೆದುರು ಕಾಣುತ್ತಿತ್ತು.

“ಹಲ್ಲಿನ ಬೇರಿಗೂ ವರ್ಷಕ್ಕೊಂದು ಪದರ ಕೂಡ್ತದೆ, ನಿಜ,” ಎಂದರು ದೇಚಮ್ಮ ಕಣ್ಣೊರೆಸಿಕೊಂಡು. “ಎಲ್ಲಿ, ಇದೊಂದನ್ನೇ ಓದಿಸಿ. ನಿಮ್ಮ ಯಂತ್ರ ನಿಜವಾಗಿ ಓದುತ್ತೋ ಬೊಗಳೆ ಬಿಡುತ್ತೋ ನೋಡೇಬಿಡೋಣ.”

ಯಂತ್ರ ಹಲ್ಲನ್ನು ಓದಿತು. ಐವತ್ತೆಂಟು ಗೆರೆ. ಹತ್ತನೆಯದರಿಂದ ಹದಿನೆಂಟರವರೆಗೆ ಅದೇ ಒಂಬತ್ತು ಗೆರೆ, ಕೂದಲಿನಷ್ಟು ತೆಳು. ದೇಚಮ್ಮ ಪರದೆಯ ಹತ್ತಿರಕ್ಕೆ ಕುರ್ಚಿ ಎಳೆದುಕೊಂಡರು. ಅವರ ನಗು ನಿಂತಿತ್ತು.

ನಸೀಮಾ ಹೊರಗಿನ ಗೆರೆಯಿಂದ ಒಳಕ್ಕೆ ಎಣಿಸಿದಳು. “ಕೊನೇ ಗೆರೆ ಹೋದ ವರ್ಷದ್ದು, ಎರಡು ಸಾವಿರದ ಎಪ್ಪತ್ತು. ಹಾಗಾದರೆ ತೆಳ್ಳಗಿನವು ಎರಡು ಸಾವಿರದ ಇಪ್ಪತ್ತೆರಡರಿಂದ ಮೂವತ್ತು.”

“ನಮ್ಮ ಲಗ್ನ ಆದ ಮರುವರ್ಷದಿಂದ,” ಎಂದ ಮರೆಪ್ಪ, ಇನ್ನೂ ನಗುವಿನ ಗುಂಗಿನಲ್ಲೇ. “ಏನರ ಬ್ಯಾನಿ ಬಂದಿತ್ತೇನ್ರಿ ಆಕಿಗಿ?”

“ಕಾಯಿಲೆ ಗೆರೆ ಬೇರೆ ಥರ ಇರ್ತದೆ,” ಎಂದರು ದೇಚಮ್ಮ. “ಇದು ಹಸಿವಿನ ಗೆರೆ. ದಿನಕ್ಕೆ ಒಂದೇ ಹೊತ್ತು ಅನ್ನಿ. ಅದೂ ಅರೆಹೊಟ್ಟೆ.”

“ಸುಳ್ಳ! ಯಂತ್ರ ಕೆಟ್ಟದ. ಧೂಳ ಹೊಕ್ಕದ ಅದರಾಗ.” ಮರೆಪ್ಪ ಹೆಂಡತಿಯ ಕಡೆ ತಿರುಗಿದ. “ಹೇಳ್ ನೀನು, ನಮ್ಮ ಮನ್ಯಾಗ ಯಾವಾಗರ ಕಡಿಮಿ ಬಿದ್ದಿತ್ತೇನು?”

ಸಾಬವ್ವ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. “ಮನ್ಯಾಗ ಕಡಿಮಿ ಬಿದ್ದಿಲ್ರಿ. ನೀವೆಲ್ಲ ಉಂಡ ಏಳತಿದ್ರಿ. ಆಮ್ಯಾಲ ಬುಟ್ಟ್ಯಾಗ ಒಮ್ಮೆ ಒಂದ ರೊಟ್ಟಿ ಇರತಿತ್ತು, ಒಮ್ಮೆ ಅರ್ಧ.”

“ನಾ ಕೇಳತಿದ್ನಲ್ಲ, ಉಂಡೇನು ಅಂತ!”

“ಕೇಳತಿದ್ರಿ. ಕೈ ತೊಳಕೋತ ಕೇಳತಿದ್ರಿ. ಉಂಡೀನಿ ಅಂತಿದ್ದೆ. ಮತ್ತೇನ ಅನಬೇಕಿತ್ತು?”

“ಒಂಬತ್ತ ವರ್ಷ?”

“ಆಮ್ಯಾಲ ನಿಮ್ಮ ತಮ್ಮದೇರು ಬ್ಯಾರೆ ಆದ್ರು. ತಂಗೀದು ಲಗ್ನ ಆತು. ಬುಟ್ಟ್ಯಾಗ ಉಳೀಲಾಕ ಹತ್ತಿತು,” ಎಂದು ಹೇಳಿ ಎಲೆಯನ್ನು ಮಡಚಿ ಬಾಯಿಗಿಟ್ಟುಕೊಂಡಳು. ದನಿಯಲ್ಲಿ ದೂರು ಇರಲಿಲ್ಲ. ಹಳೆಯ ಮಳೆಗಾಲವೊಂದರ ಸುದ್ದಿ ಹೇಳಿದ ಹಾಗಿತ್ತು.

ಮೈಕು ಮರೆಪ್ಪನ ಕೈಯಳತೆಯಲ್ಲೇ ಇತ್ತು, ಅವನು ಅದನ್ನು ಮುಟ್ಟಲಿಲ್ಲ. ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು ಅವನು ಆಮೆಕಲ್ಲಿನ ಮೇಲೆ ಕೂತುಬಿಟ್ಟ. ಸಾಬವ್ವ ಗಾಬರಿಯಾಗಿ, “ಅಯ್ಯ, ಆಗಿದ್ದ ಆಗಿಹೋತು ಏಳ್ರಿ, ಮಂದಿ ನೋಡ್ಲತ್ತಾರ,” ಎಂದಳು. ಅವನು ಏಳಲಿಲ್ಲ.

ವಾಗೀಶರಿಗೆ ತಮ್ಮ ಪ್ರಬಂಧದ ವಾಕ್ಯ ನೆನಪಾಯಿತು. ಅದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ, ಆಮೆಯೊಂದೇ ತಪ್ಪಾಗಿತ್ತು. ಆರೂವರೆ ಕೋಟಿ ವರ್ಷದ ಹಿಂದಿನ ಹಸಿವನ್ನು ಹುಡುಕಿ ಕಣ್ಣೀರು ತಂದುಕೊಂಡವರು, ಆರು ತಿಂಗಳು ಸಾಬವ್ವನ ಕೈಯ ರೊಟ್ಟಿ ತಿಂದಿದ್ದರು. ಅವಳು ಉಣ್ಣುವುದನ್ನು ಒಂದು ದಿನವೂ ನೋಡಿರಲಿಲ್ಲ. ಐದನೆಯ ರೊಟ್ಟಿ ಯಾರ ಪಾಲಿನದು ಎಂದೂ ಕೇಳಿರಲಿಲ್ಲ. ಅವರಿಗೆ ನಾಚಿಕೆಯಾಯಿತು, ಬಹಳ ನಾಚಿಕೆಯಾಯಿತು.

ಸಮಿತಿ ಯಂತ್ರವನ್ನು ಒಪ್ಪಿತು. ಇನ್ನು ಮುಂದೆ ಕಲ್ಲನ್ನು ತೊಳೆದು, ಪೊಟರೆಗಳಲ್ಲಿ ಕೈಯಾಡಿಸಿ ನೋಡಿದ ಮೇಲೆಯೇ ಓದಿಸತಕ್ಕದ್ದು ಎಂಬ ಷರತ್ತು ಹಾಕಿತು. ಅರವತ್ತೊಂದು ವರ್ಷದ ಆಮೆಯೂ ಸಣ್ಣದೇನಾಗಿರಲಿಲ್ಲ. ಮೂರು ವರ್ಷಕ್ಕೊಮ್ಮೆ ಒಂದು ತೆಳು ಗೆರೆ, ಕೊನೆಯ ಗೆರೆಯವರೆಗೂ ಉಪ್ಪುನೀರು. ಬೂದಿಗುಂಟ ಕಡಲದಂಡೆಯಾಗಿಯೇ ಉಳಿಯಿತು, ಹೊಲದ ಬದುವಿನ ಬೋರ್ಡೂ ಉಳಿಯಿತು.

ಆದರೆ ಯಂತ್ರ ಕಲ್ಲುಗಳ ಹತ್ತಿರ ಬಹಳ ದಿನ ನಿಲ್ಲಲಿಲ್ಲ. ಎರಡು ವರ್ಷದೊಳಗೆ ತಾಲೂಕು ಆಸ್ಪತ್ರೆಗಳ ಹಲ್ಲಿನ ವಿಭಾಗಕ್ಕೆ ಅದರ ಸಣ್ಣ ರೂಪ ಬಂತು. ಜನ ತಮ್ಮ ತಾಯಿಯ, ಅಜ್ಜಿಯ ಬಿದ್ದ ಹಲ್ಲುಗಳನ್ನು ಕಾಗದದಲ್ಲಿ ಕಟ್ಟಿಕೊಂಡು ಬರತೊಡಗಿದರು. ಕೋಲಾರದಿಂದ ಬಂದ ಹಲ್ಲಿನಲ್ಲೂ, ಬೀದರಿನಿಂದ ಬಂದ ಹಲ್ಲಿನಲ್ಲೂ, ಕಣಜ ತುಂಬಿದ್ದ ಮನೆಗಳ ಹಲ್ಲಿನಲ್ಲೂ ಲಗ್ನವಾದ ವರ್ಷದಿಂದಾಚೆ ಗೆರೆ ಒಮ್ಮಿಂದೊಮ್ಮೆಲೇ ತೆಳ್ಳಗಾಗುತ್ತಿತ್ತು. ಅದೇ ಮನೆಗಳ ಗಂಡಸರ ಗೆರೆಗಳು ದಪ್ಪದಪ್ಪಗಿದ್ದವು. ಕೆಲವರು ಯಂತ್ರದ ಮೇಲೆ ಮಾನಹಾನಿಯ ದಾವೆ ಹೂಡಿದರು. ಇನ್ನು ಕೆಲವರು ವರದಿ ತೆಗೆದುಕೊಂಡು, ಆಸ್ಪತ್ರೆಯ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತು, ಎದ್ದು ಹೋದರು.

ಮರೆಪ್ಪ ಭಾಷಣ ಬಿಟ್ಟ. ಈಗ ಅವನು ಒಲೆಯ ಪಕ್ಕದಲ್ಲಿ ಮಣೆ ಹಾಕಿಕೊಂಡು, ಸಾಬವ್ವ ಉಂಡು ಮುಗಿಸುವವರೆಗೆ ಕದಲುವುದಿಲ್ಲ. “ಹಿಂಗ ಬಾಯಿ ನೋಡಕೋತ ಕುಂತ್ರ ನುಂಗೋದ್ ಹ್ಯಾಂಗ್ರಿ?” ಎಂದು ಅವಳು ದಿನಾ ಬೈಯುತ್ತಾಳೆ. ಅವನು ಇನ್ನೊಂದು ರೊಟ್ಟಿ ಹಾಕುತ್ತಾನೆ. ಐವತ್ತು ವರ್ಷ ತಡವಾಯಿತೆಂದು ಅವನಿಗೂ ಗೊತ್ತು.

ವಾಗೀಶರು ಸಾಬವ್ವನ ಹಲ್ಲಿನ ಸಂಗತಿಯನ್ನೂ ಸೇರಿಸಿ ತಿದ್ದಿದ ಪ್ರಬಂಧವನ್ನು ಕಳಿಸಿದಾಗ ಪರೀಕ್ಷಕರೊಬ್ಬರು ರೂಢಿಯ ಪ್ರಶ್ನೆಯೊಂದನ್ನು ಕೇಳಿದ್ದರು: ‘ಈ ಮಾಹಿತಿಯನ್ನು ಪದರಯಂತ್ರದ ನೆರವಿಲ್ಲದೆ ಪಡೆಯಲು ಸಾಧ್ಯವಿತ್ತೇ?’ ಇಂಥ ಪ್ರಶ್ನೆಗೆ ಎಲ್ಲ ವಿಜ್ಞಾನಿಗಳೂ ‘ಸಾಧ್ಯವಿರಲಿಲ್ಲ’ ಎಂದು ಬರೆಯುತ್ತಾರೆ, ಇಲ್ಲದಿದ್ದರೆ ಯಂತ್ರ ಏಕೆ ಬೇಕು? ವಾಗೀಶರೂ ಮೊದಲು ಹಾಗೇ ಬರೆದರು. ಆಮೇಲೆ ಹೊಡೆದುಹಾಕಿ, ಕೆಳಗೆ ಹೀಗೆ ಬರೆದರು:

‘ಸಾಧ್ಯವಿತ್ತು. ಎರಡು ಸಾವಿರದ ಇಪ್ಪತ್ತಾರರಲ್ಲಿ ಒಂದು ದಿನ, ಉಂಡವರಲ್ಲಿ ಯಾರಾದರೂ ಒಬ್ಬರು ಕೈ ತೊಳೆಯಲು ಏಳುವ ಮೊದಲು ರೊಟ್ಟಿಯ ಬುಟ್ಟಿಯೊಳಗೆ ಇಣುಕಿ ನೋಡಿದ್ದರೆ ಸಾಕಿತ್ತು.’